ಕೋಟೆ ಬಾಗಿಲಲ್ಲಿ ಮಲಗಿದ್ದ ಎಮ್ಮೆ

ನನ್ನಂಥವನು ಮನಸ್ಸಿಟ್ಟು ಒಂದು ಕೆಲಸ ಹಿಡಿದರೆ ಅದು ಕೆಡುವ ಮಾತೇ ಇಲ್ಲ ಎಂದು ನಾನು ಬಲವಾಗಿ ನಂಬಿದ್ದ ಕಾಲವದು.

ಭಾನುವಾರ ಸಂಜೆ ನಮ್ಮ ಮನೆಯಲ್ಲೊಂದು ಆಟ ನಡೆಯುತ್ತದೆ. ಒಬ್ಬ ಕಥೆ ಹೇಳುತ್ತಾನೆ. ಉಳಿದವರು ಆ ಕಥೆಯ ಪಾತ್ರಗಳಾಗಿ ತಾವೇನು ಮಾಡುತ್ತೇವೆಂದು ಹೇಳುತ್ತಾರೆ. ಗೆಲುವು ಸೋಲು ದಾಳದ ಕೈಯಲ್ಲಿ. ಆಗ ಕಥೆ ಹೇಳುತ್ತಿದ್ದವನು ನಾನು. ಕಚೇರಿಯಲ್ಲಿ ಸಾಹೇಬರ ಮಾತು, ಮನೆಯಲ್ಲಿ ಹೆಂಡತಿ ಸುಧಾಳ ಮಾತು. ನನ್ನ ಮಾತು ನಡೆಯುತ್ತಿದ್ದುದು ಆ ಮೇಜಿನ ಮುಂದೆ ಮಾತ್ರ!

ಅಲ್ಲಿಯೂ ಒಮ್ಮೆ ಪೆಟ್ಟು ಬಿತ್ತು. ಕಥೆಯಲ್ಲಿ ಕೋಟೆಯೊಂದು ಎದುರಾದಾಗ ಗ್ಯಾರೇಜಿನ ಇಮಾಮಸಾಬ್, "ಕೋಟಿ ಬಾಗಲಾ ಕಟಗೀದೋ ಕಬ್ಬಣದ್ದೋ?" ಎಂದು ಕೇಳಿದ. ನಾನು ತಡವರಿಸಿದೆ. ನಿವೃತ್ತ ಮಾಸ್ತರರಾದ ಕುಲಕರ್ಣಿಯವರು ತೀರ್ಪು ಕೊಟ್ಟೇಬಿಟ್ಟರು.

"ನಿಮಗ ಏನೂ ಗೊತ್ತಿಲ್ಲ ಬಿಡ್ರಿ. ಇನ್ನೊಮ್ಮೆ ಹಿಂಗಾದ್ರ ನಾವು ಕೇರಂ ಆಡ್ತೇವಿ."

ಕೇರಂ! ಅದರಲ್ಲಿ ನನ್ನನ್ನು ಸೇರಿಸಿಕೊಳ್ಳುವವರೇ ಇಲ್ಲ. ಎರಡು ತಿಂಗಳ ಗಡುವು ಬೇಡಿ ಸಂಶೋಧನೆಗೆ ಇಳಿದೆ.

ಲಕಮನಹಳ್ಳಿಯ ಒಂದು ಕಾರ್ಖಾನೆಗೆ ಹೋಗಿ, ಆನೆ ಗುದ್ದಿದರೂ ಬಗ್ಗದ ಮೊಳೆ ಎಷ್ಟು ದಪ್ಪ ಇರಬೇಕೆಂದು ವಿಚಾರಿಸಿದೆ. "ಆನಿ ಎಲ್ಲೈತ್ರಿ?" ಎಂದು ಅವರು ಗಾಬರಿಯಿಂದ ಗೇಟಿನಾಚೆ ಇಣುಕಿದರು. ಸಿಪಾಯಿಯೊಬ್ಬ ಹೊರೆ ಹೊತ್ತು ಎಷ್ಟು ದೂರ ನಡೆಯಬಲ್ಲ ಎಂದು ತಿಳಿಯಲು, ಹದಿನೈದು ಕಿಲೋ ಗೋಧಿಯ ಚೀಲ ಬೆನ್ನಿಗೆ ಕಟ್ಟಿಕೊಂಡು ರಾಯಾಪುರದಿಂದ ಸತ್ತೂರಿನ ಕಡೆ ಹೊರಟೆ. ಹಾದಿಯಲ್ಲಿ ಇಮಾಮಸಾಬ್ ಬೈಕ್ ನಿಲ್ಲಿಸಿ, "ಸರ, ಗಿರಣಿ ಹಿಂದ ಉಳೀತಲ್ರೀ!" ಎಂದ. ಅವನ ಬೈಕಿನ ಮೇಲೆಯೇ ಮನೆ ಸೇರಿದೆ.

ನಾಲ್ಕು ದಿನ ನನ್ನ ಬೆನ್ನಿಗೆ ಎಣ್ಣೆ ತಿಕ್ಕಿದ ಸುಧಾ, "ಆ ಸಿಪಾಯಿಗೆ ಹೇಳೋರು ಕೇಳೋರು ಯಾರೂ ಇದ್ದಿಲ್ಲೇನ್ರಿ?" ಎಂದಳು. ಅದನ್ನೂ ಬರೆದುಕೊಂಡೆ!

ಗಡುವು ಮುಗಿದು ಆ ಭಾನುವಾರ ಬಂತು. ಮೂರು ದಪ್ಪ ನೋಟ್‌ಬುಕ್ಕು. ಕೋಟೆಯೊಳಗಿನ ಬಾವಿಗಳು, ಪೇಟೆಯ ಸುಂಕ, ರಾಜನ ಸೋದರತ್ತೆಯ ಮುನಿಸು, ಸಕಲವೂ ಸಿದ್ಧ. ಗಂಟಲು ಸರಿಮಾಡಿಕೊಂಡು ಶುರುಮಾಡಿದೆ.

"ಸಂಜೆಯ ಸಮಯ. ಎದುರಿಗೆ ಮಹಾದ್ವಾರ. ತೇಗದ ಕಟ್ಟಿಗೆ, ಕಬ್ಬಿಣದ ಮೊಳೆ. ಪಕ್ಕದಲ್ಲೊಂದು ಎಮ್ಮೆ ಮಲಗಿದೆ."

"ಯಾರ ಎಮ್ಮಿ?" ಕುಲಕರ್ಣಿಯವರು ಕೇಳಿದರು.

"ಯಾರದೂ ಅಲ್ರೀ, ಸುಮ್ಮನ ಎಮ್ಮಿ. ನೀವು ಒಳಗ ನಡೀರಿ."

ಇಮಾಮಸಾಬ್ ಬಿಡಲಿಲ್ಲ. "ಹಾಲು ಹಿಂಡೋ ಹೊತ್ತಿನ್ಯಾಗ ಎಮ್ಮಿ ಸುಮ್ಮನ ಯಾರು ಬಿಡ್ತಾರ್ರಿ?"

ಮೂರೂ ನೋಟ್‌ಬುಕ್ಕು ತಿರುವಿದೆ. ರಾಜನ ಏಳು ತಲೆಮಾರು ಸಿಕ್ಕಿತು. ಎಮ್ಮೆಯ ಮಾಲೀಕ ಸಿಗಲಿಲ್ಲ! ಕುಲಕರ್ಣಿಯವರ ಕಣ್ಣು ಮೂಲೆಯ ಕೇರಂ ಬೋರ್ಡಿನತ್ತ ಹೋಯಿತು.

ಅಷ್ಟರಲ್ಲಿ ಅಡುಗೆಮನೆಯಿಂದ ಸುಧಾ ಕೂಗಿದಳು. "ಅದು ಕೋಟಿ ಹೊರಗ ಇರೋ ಗಂಗವ್ವನ ಎಮ್ಮಿರಿ. ಕರು ಕಳಕೊಂಡೈತಿ, ಅದಕ್ಕ ಅಲ್ಲಿಂದ ಏಳವಲ್ದು."

ಇಬ್ಬರೂ ಕುರ್ಚಿಗಳನ್ನು ಅಡುಗೆಮನೆಯ ಕಡೆ ತಿರುಗಿಸಿದರು. ಮೂರು ತಾಸು ಕರು ಹುಡುಕಿದರು. ಪ್ರತಿ ದಾಳಕ್ಕೂ ಉಸಿರು ಬಿಗಿಹಿಡಿದರು. ಕರು ಸಿಕ್ಕಾಗ ಮಾಸ್ತರರು ಕಣ್ಣೊರೆಸಿಕೊಂಡರು. ನನಗೆ ಮಾತ್ರ ಹೊಟ್ಟೆ ಉರಿಯಿತು.

ಕೇರಂ ತಪ್ಪಿತು. ಆದರೆ ಕಥೆ ಹೇಳುವ ಕುರ್ಚಿ ಸುಧಾಳ ಪಾಲಾಯಿತು.

"ನನ್ನ ಪಾತ್ರ?" ಎಂದು ಕೇಳಿದೆ.

"ನೀವು ರಾಜಾ. ಒಳಗ ಕುಂದರ್ರಿ, ನಾವು ಬರ್ತೇವಿ," ಎಂದಳು ಸುಧಾ.

ಆರು ಭಾನುವಾರ ಕಳೆದವು. ಕೋಟೆಯೊಳಗೆ ಇನ್ನೂ ಯಾರೂ ಕಾಲಿಟ್ಟಿಲ್ಲ. ಅವರು ಬರುವ ತನಕ ಮಹಾರಾಜರು ಅಡುಗೆಮನೆಯಲ್ಲಿ ನಿಂತು ಎಲ್ಲರಿಗೂ ಮಿರ್ಚಿ ಭಜಿ ಕರಿಯುತ್ತಿದ್ದಾರೆ.