ಟೊಳ್ಳು ಕಾವಿನ ಸುತ್ತಿಗೆ

ಕ್ಯಾಸಂಬಳ್ಳಿಯ ಮುನಿಯಾಚಾರಿ ಕಮ್ಮಾರ ಎಂಬುದು ಊರಿನ ಎತ್ತುಗಳಿಗೂ ಗೊತ್ತಿತ್ತು. ಗೊತ್ತಿಲ್ಲದ್ದು ಸರ್ಕಾರಕ್ಕೆ ಮಾತ್ರ. ಕುಲಕಸುಬಿನವರಿಗೆ ಕುಲುಮೆಗೆ ಗಾಳಿ ಊದುವ ಕರೆಂಟಿನ ತಿದಿ ಕೊಡುತ್ತಾರೆಂದು ಎಂಬತ್ತಮೂರನೇ ಇಸವಿಯಲ್ಲಿ ಅವನೂ ಅರ್ಜಿ ಹಾಕಿದ. ಇಪ್ಪತ್ತು ವರ್ಷ ತಿದಿ ಒತ್ತಿ ಒತ್ತಿ ಹೆಂಡತಿ ಮುನಿರತ್ನಮ್ಮನ ರಟ್ಟೆ ಬಿದ್ದುಹೋಗಿತ್ತು.

ಬಂಗಾರಪೇಟೆಯ ಆಫೀಸರ್ ಶ್ರೀರಾಮಪ್ಪ ಅರ್ಜಿ ತಿರುವಿಹಾಕಿ, “ತಾತನ ಕಾಲದಿಂದ ಕಮ್ಮಾರರು ಅನ್ನೋಕೆ ದಾಖಲೆ ಎಲ್ಲಿ?” ಎಂದರು.

ಮುನಿಯಾಚಾರಿ ಕಿಡಿ ಹಾರಿ ಸುಟ್ಟ ಎರಡೂ ಕೈ ಚಾಚಿದ.

“ಇದಕ್ಕೆ ಸೀಲು ಎಲ್ರೀ ಬಿದ್ದಿದೆ? ಇವತ್ತೇ ಕಡೇ ದಿನ. ಸಂಜೆ ಐದಕ್ಕೆ ಕುಲುಮೆ ನೋಡೋಕೆ ನಾನೇ ಬರ್ತೀನಿ. ದಾಖಲೆ ತಂದಿಟ್ಕೊಳ್ಳಿ.”

ತಾತ ವೀರಾಚಾರಿ ಚಿನ್ನದ ಗಣಿಯಲ್ಲಿ ಉಳಿ ತಟ್ಟುತ್ತಿದ್ದವನು. ಮುನಿಯಾಚಾರಿ ನೇರ ಗಣಿಯ ಕಚೇರಿಯಿದ್ದ ಕೋರಮಂಡಲ್‌ಗೆ ಓಡಿದ. ಅಲ್ಲಿ ಹಾಜರಿ ಗುಮಾಸ್ತನಾಗಿ ನಿವೃತ್ತನಾಗಿದ್ದ ಕುಪ್ಪುಸ್ವಾಮಿ ಅವನನ್ನು ಹಳೇ ದಾಖಲೆಗಳ ಕೋಣೆಗೆ ಕರೆದೊಯ್ದ. ಹಾಜರಿ ಪುಸ್ತಕದಲ್ಲಿ ವೀರಾಚಾರಿ ಇರಬೇಕಾದ ಪುಟಗಳನ್ನು ಗೆದ್ದಲು ತಿಂದು ಮುಗಿಸಿತ್ತು.

“ಎನ್ನಾ ಆಚಾರಿ, ಅದಕ್ಕೆಲ್ಲ ಅಳ್ತಾರಾ? ಒಳ್ಳೆಯವನಿಗೆ ಒಂದು ಲೈನು ಬರೀತಾರೆ, ಕಳ್ಳನಿಗೆ ಒಂದು ಪೇಜು. ಬಾ, ಪನಿಷ್ಮೆಂಟ್ ಬುಕ್ಕು ನೋಡೋಣ.”

“ನಮ್ ತಾತ ದೇವ್ರಂತೋನು ಕಣಪ್ಪ.”

“ದೇವರಿಗೆ ರಿಜಿಸ್ಟರ್ ಇಲ್ಲ ಪಾ.”

ಶಿಕ್ಷೆಯ ಪುಸ್ತಕದ ಹತ್ತಿರ ಒಂದು ಹುಳವೂ ಸುಳಿದಿರಲಿಲ್ಲ. ವೀರಾಚಾರಿ ಅದರಲ್ಲಿ ಸಿಕ್ಕಿಯೇಬಿಟ್ಟ, ಪೂರ್ತಿ ಒಂದು ಪುಟ. ಊರು ಕ್ಯಾಸಂಬಳ್ಳಿ, ಕಸುಬು ಕಮ್ಮಾರಿಕೆ, ಎಡಗೈ ಹೆಬ್ಬೆರಳು ಮೊಂಡು, ಸಂಶಯವೇ ಇಲ್ಲ. ಸುತ್ತಿಗೆಯ ಮರದ ಕಾವನ್ನು ಟೊಳ್ಳು ಮಾಡಿ ಅದರೊಳಗೆ ಚಿನ್ನ ಸಾಗಿಸಿದ್ದಕ್ಕೆ ಕೆಲಸದಿಂದ ವಜಾ. ಕದ್ದದ್ದು ಕಡಲೆಕಾಳಿನಷ್ಟು. ಅದನ್ನೂ ಗೇಟಿನಲ್ಲೇ ಕಿತ್ತುಕೊಂಡಿದ್ದರು.

ಮುನಿಯಾಚಾರಿಗೆ ನಾಚಿಕೆಯಿಂದ ಮೈ ಹಿಡಿಯಾಯಿತು. ಆದರೂ ತಿದಿ ಬೇಕಲ್ಲ. ನಕಲು ಬರೆಸಿದ. ಸಹಿ ಹಾಕುವವರು ಊಟಕ್ಕೆ ಹೋಗಿದ್ದರಿಂದ ಬಸ್‌ಸ್ಟ್ಯಾಂಡಿನಲ್ಲಿ ಟೀ ಕುಡಿಯಲು ಹೋದ. ಅಲ್ಲಿ ಪಕ್ಕದ ಮನೆಯ ಮಂಗಮ್ಮ ಬದನೆಕಾಯಿ ಮಾರಿ ಊರಿನ ಬಸ್ಸಿಗೆ ಕಾಯುತ್ತಿದ್ದಳು.

“ಏನ್ ಆಚಾರಿ, ಮಕ ಯಾಕಿಂಗಾಗೈತೆ?”

“ಏನಿಲ್ಲ ಮಂಗಕ್ಕ. ತಾತನ ದಾಖ್ಲೆ ಸಿಕ್ತು. ಸುತ್ಗೆ ಕಾವೊಳಗೆ ಬಂಗಾರ ಸಾಗಿಸ್ತಿದ್ನಂತೆ. ಬಿಳೀ ದೊರೆಗಳ ಕಣ್ಗೇ ಮಣ್ಣಾಕ್ದೋನು ಅವ್ನು.”

ಕಡಲೆಕಾಳಿನ ಮಾತು ಎತ್ತಲಿಲ್ಲ. ತಾತ ಕಳ್ಳನಾದರೂ ಸಣ್ಣ ಕಳ್ಳನಾಗಬಾರದಲ್ಲ. ಮಂಗಮ್ಮ ಖಾಲಿ ಬುಟ್ಟಿ ಕಂಕುಳಿಗಿಟ್ಟು, ಹೊರಟಿದ್ದ ಬಸ್ಸನ್ನು ಓಡಿ ಹತ್ತಿದಳು.

ಸಹಿ ಬಿದ್ದಾಗ ನಾಲ್ಕು. ನಕಲನ್ನು ಎದೆಗವಚಿಕೊಂಡು ಮುನಿಯಾಚಾರಿ ಐದಕ್ಕೆ ಮನೆ ಮುಟ್ಟಿದ. ಕುಲುಮೆಯ ಜಾಗದಲ್ಲಿ ಎದೆಯುದ್ದದ ಗುಂಡಿಯಿತ್ತು. ತಿದಿ ಹರಿದು ಬಿದ್ದಿತ್ತು, ಕಬ್ಬಿಣ ಬಡಿಯುವ ಅಡಿಗಲ್ಲು ಚರಂಡಿ ಸೇರಿತ್ತು. ಅರ್ಧ ಊರೇ ಗುಂಡಿಯೊಳಗಿತ್ತು. ಮುನಿರತ್ನಮ್ಮ ಅದೇ ಬಿದ್ದುಹೋದ ರಟ್ಟೆಯಲ್ಲಿ ಮಣ್ಣಿನ ಮಂಕರಿ ಎತ್ತಿ ಎತ್ತಿ ಸುರಿಯುತ್ತಿದ್ದಳು.

“ನಿಮ್ ತಾತ ಹೂತಿಟ್ಟ ಬಂಗಾರದ ಮ್ಯಾಲೆ ಇಪ್ಪತ್ತು ವರ್ಸ ಕುಂತ್ಕಂಡು ನನ್ ಕೈಲಿ ತಿದಿ ಒತ್ಸಿದ್ಯಲ್ಲಯ್ಯ,” ಎಂದು ಅತ್ತಳು.

“ಕಳ್ಳೆಕಾಳಷ್ಟು ಕಣೇ, ಅದ್ನೂ ಕಿತ್ಕೊಂಡವ್ರೆ,” ಎಂದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಷ್ಟರಲ್ಲಿ ಜೀಪಿನಿಂದಿಳಿದ ಶ್ರೀರಾಮಪ್ಪ ನಕಲು ಓದಿದರು. “ದಾಖಲೆ ಬೊಂಬಾಟಾಗಿದೆ. ಕುಲುಮೆ ಎಲ್ರೀ?”

ಮುನಿಯಾಚಾರಿ ಗುಂಡಿ ತೋರಿಸಿದ. ಶ್ರೀರಾಮಪ್ಪ ಬಗ್ಗಿ ನೋಡಿ ಬರೆದುಕೊಂಡರು: ಸ್ಥಳದಲ್ಲಿ ಕುಲುಮೆ ಇರುವುದಿಲ್ಲ, ಅರ್ಜಿದಾರನು ಕಮ್ಮಾರನೆಂದು ಕಂಡುಬರುವುದಿಲ್ಲ.

ಜೀಪು ಹೋಯಿತು. ಮುನಿಯಾಚಾರಿ ಗುಂಡಿಯ ಅಂಚಿನಲ್ಲಿ ಕೂತ. ಒಳಗಿನಿಂದ ಮಂಗಮ್ಮ ಹತ್ತಿ ಬಂದು ಮೊಂಡು ಪಿಕಾಸಿಯೊಂದನ್ನು ಅವನ ತೊಡೆಯ ಮೇಲಿಟ್ಟಳು.

“ಕೆಳಗೆ ಬಂಡೆ ಸಿಕ್ಕೈತೆ ಆಚಾರಿ. ಇದ್ನ ವಸಿ ಕಾಸಿ, ಬಿರ್ನೆ ಮೊನೆ ತಟ್ಕೊಡು. ಈ ಊರ್ನಾಗೆ ನಿನ್ ಬಿಟ್ರೆ ಕಮ್ಮಾರ ಇನ್ಯಾರವ್ನೆ?”