ಎಳ್ಳಮಾಸಿ ದಿನ ಉಮರ್ಗಾದಾಗ ಖಾನಾವಳಿ ಹುಡುಕಿದ ಸರ್ ಅವರಿಗಿ

ಮಾನ್ಯರೇ,

ಕಾಲೇಜಿನ 'ಹೊಸ ವಿದ್ಯಾರ್ಥಿಗಳ ಮಾರ್ಗದರ್ಶಿ' ಬರೆದ, ಪುಣೆಯಿಂದ ಬಂದು ಎರಡೇ ವರ್ಷದಾಗ ನಮ್ಮ ಊರು ಪೂರಾ ತಿಳ್ಕೊಂಡ ಧೀರಜ ಸರ್ ಅವರಿಗಿ, ರೇವಣಸಿದ್ಧನ ಶರಣು ಶರಣಾರ್ಥಿ.

ಇಲ್ರೀ ಸರ್, ನಿಮ್ಮ ಪುಸ್ತಕ ನಾ ಹರದಿಲ್ಲ. ಹನ್ನೊಂದನೇ ಪುಟದ ಪಾನ ಒಂದೇ ಹರದೀನಿ, ಉಳದ ಪಾನ ಹ್ಯಾಂಗಿದ್ವೋ ಹಂಗೇ ಅವ, ಎಣಿಸಿ ನೋಡ್ರಿ. ನಿಮ್ಮ ಶಿಪಾಯಿ ನಾಗನಾಥಗೂ ನಾ ಬೈದಿಲ್ಲ. ಬೈದದ್ದು ನಿಮಗ, ಅಂವಾ ನಡಕ ನಿಂತಿದ್ದ, ಅಂವಗ ಹತ್ತೇದ. ಇಂವಾ ದಂಗಾ ಮಾಡ್ಲಿಕ್ಕಿ ಬಂದಾನ ಅಂತ ನೀವು ಒಳಗ ಕುಂತು ಅಂದದ್ದು ಹೊರಗ ನನಗ ಕೇಳಸೇದ. ದಂಗಾ ಮಾಡಾಂವಿದ್ರ ಒಂದು ತಾಸಿನಿಂದ ನಿಮ್ಮ ಬಾಕಿನ ಮ್ಯಾಲ ಕುಂತು, ಪೆನ್ನು ಬೇಡಿ ತಗೊಂಡು, ಹೀಂಗ ಬರೀತಿದ್ನೇನ್ರಿ? ತಕ್ರಾರ ಇದ್ರ ಬರೆದು ಕೊಡು ಅಂತ ಹೇಳಿ ಕಳಿಸಿದ್ರಿ. ಏಳನೇತ್ತಾ ತನಕ ಕನ್ನಡ ಸಾಲಿ ಕಲತು ಬಿಟ್ಟಾಂವಗ ಬರೀಲಿಕ್ಕಿ ಹಚ್ಚೀರಿ. ಸಿಟ್ಟು ನನಗ ಕನ್ನಡದಾಗೇ ಬರ್ತದ, ಮರಾಠ್ಯಾಗ ಬರಲ್ಲ. ನಾಗನಾಥ ಓದಿ ನಿಮಗ ಮರಾಠ್ಯಾಗ ಹೇಳ್ತಾನ. ಅಂವಾ ಭಾಳ ಸಜ್ಜನ ಮನುಷ್ಯ, ಬೈಗಳಾ ಬಿಟ್ಟು ಹೇಳ್ತಾನ, ಬಿಟ್ಟದ್ದು ಏನಂತ ಅಂವನ ಮಾರಿ ನೋಡಿ ತಿಳ್ಕೊಬೇಕು.

ಈ ಪತ್ರದ ಝೆರಾಕ್ಸ್ ಬಸ್ ಸ್ಟ್ಯಾಂಡಿನ ಗ್ವಾಡಿಗೂ ಹಚ್ಚಾಂವಿದೀನಿ, ಅದಕ್ಕ ಹನ್ನೊಂದನೇ ಪಾನದಾಗ ಮರಾಠ್ಯಾಗ ಏನದ ಅಂತ ಊರಿಗೂ ಕನ್ನಡದಾಗ ಹೇಳ್ತೀನಿ. 'ಊರಿನಲ್ಲಿ ಎಲ್ಲಿ ಉಣ್ಣಬೇಕು' ಅಂತ ಮ್ಯಾಲ ದಪ್ಪ ಅಕ್ಷರ. ತಳಗ ಒಂದೇ ಹೆಸರು, ಹೈವೇ ಮ್ಯಾಲಿನ ಬರ್ಗರ್ ಅಂಗಡಿ. ಅದರ ಮಾಲಕ ಯಾವ ಊರಾಗ ಇರ್ತಾನ ಅಂತ ಅಲ್ಲಿ ಕೆಲಸ ಮಾಡೋರಿಗೂ ಗೊತ್ತಿಲ್ಲ. ಅದಕ್ಕ ಐದು ಚುಕ್ಕಿ. ಅದರ ತಳಗ ಸಣ್ಣ ಅಕ್ಷರದಾಗ: 'ಊರವರ ಖಾನಾವಳಿ ಎಂಟು ನೋಡಿದೆವು. ಏಳು ಬಂದ್. ಎಂಟನೆಯದು ಮಾಣಿಕಬಾಯಿ ಖಾನಾವಳಿ, ಊಟ ಕೇಳಿದರೆ ಟೆಂಪೋ ಹತ್ತಲು ಹೇಳಿದರು. ಸುರಕ್ಷಿತವಲ್ಲ.'

ಮಾಣಿಕಬಾಯಿ ನಮ್ಮವ್ವ.

ನಿಮ್ಮ ಸಂಶೋಧನಾಕ್ಕ ನಾ ಎರಡೂ ಕೈ ಎತ್ತಿ ಮುಗೀತೀನಿ ಸರ್. ವರ್ಷದಾಗ ಒಂದೇ ಒಂದು ದಿನ ಈ ಊರು ಬೀಗ ಹಾಕ್ಕೊಂಡು ಹೊಲಕ್ಕ ಹೋಗ್ತದ. ನಾವು ಎಳ್ಳಮಾಸಿ ಅಂತೀವಿ, ಮರಾಠಿ ಮಂದಿ ಯೇಳವಸ ಅಂತಾರ. ಹಸಿ ಕಾಳು, ಕಾಯಿಪಲ್ಯಾ ಕೂಡಿಸಿ ಕುದಿಸಿದ ಭಜ್ಜಿ, ಸಜ್ಜಿ ಉಂಡಿ, ಅಂಬಲಿ ಬುಟ್ಟ್ಯಾಗ ಕಟ್ಕೊಂಡು, ಹೊಲದ ಸುತ್ತ ಭೂಮಿತಾಯಿ ಎಡಿ ಅಂತ ಚರಗಾ ಚೆಲ್ಲಿ, ಜೋಳದ ನಡಕ ಕುಂತು ಉಣ್ತಾರ. ಹೊಲ ಇಲ್ಲದಾಂವಗ ಇದ್ದಾಂವಾ ಕರೀತಾನ. ಬ್ಯಾಂಕ್ ಮ್ಯಾನೇಜರೂ ಹೋಗ್ತಾನ, ಫೌಜದಾರನೂ ಯಾರದರೆ ಹೊಲದ ಬಾಂದಿನ ಮ್ಯಾಲ ಟೊಪಗಿ ತಗದು ಕುಂತಿರ್ತಾನ. ಮುನ್ನೂರಾ ಅರವತ್ತನಾಲ್ಕು ದಿನ ಬಿಟ್ಟು ನೀವು ಆ ಒಂದು ದಿನ ಹುಡುಕಿ ತಗದು, ಸ್ಕೂಟಿ ಮ್ಯಾಲ ವಹಿ ಪೆನ್ನು ಹಿಡಕೊಂಡು, ಬಂದ್ ಬಾಗಲಾ ಎಣಿಸ್ಲಿಕ್ಕಿ ಹೊಂಟ್ರಿ. ಹಿಂಥಾ ಕೆಲಸಕ್ಕ ಡಾಕ್ಟರೇಟ್ ಬೇಕೇ ಬೇಕು, ನಮ್ಮಂಥೋರಿಗಿ ಸಾಧ್ಯ ಇಲ್ಲ.

ಮತ್ತ ಆ ದಿನ ನಿಮಗ ತಿರಗ್ಲಿಕ್ಕಿ ಪುರಸತ್ತು ಹ್ಯಾಂಗ ಸಿಕ್ತು? ಕಾಲೇಜಿಗಿ ಸೂಟಿ ಇತ್ತು. ಸೂಟಿ ಯಾಕ ಇತ್ತು? ಎಳ್ಳಮಾಸಿ ಇತ್ತು. ಇಷ್ಟು ಏಳನೇತ್ತಾದಾಗೇ ಕಲಸ್ತಾರ, ಅದಕ್ಕೇ ನಾ ಮುಂದ ಕಲೀಲಿಲ್ಲ.

ಟೆಂಪೋದ ಸುದ್ದಿ ಹೇಳ್ತೀನಿ, ನಾ ಅದರಾಗೇ ಇದ್ದೆ. ಅವ್ವ ಬಾಗಲಿಗಿ ಕೀಲಿ ಹಾಕ್ಲಿಕ್ಹತ್ತಿದ್ಲು. ನೀವು ಬಂದು ಒಂದು ತಾಟ ಊಟ ಸಿಗ್ತದೇನು ಅಂತ ಕೇಳಿದ್ರಿ. ಆಕಿ ನಕ್ಕೊಂತ, ಮೊದಲ ಕನ್ನಡದಾಗ, ಆಮ್ಯಾಲ ಮರಾಠ್ಯಾಗ ಹೇಳಿದ್ಲು, "ಇವತ್ತ ಊಟ ಹೊಲದಾಗದ್ರಿ ಸರ್, ಗಾಡಿ ಹತ್ರಿ, ಗುಂಜೋಟಿ ಹಾದ್ಯಾಗೇ ಅದ." ನೀವು ಟೆಂಪೋದಾಗ ಹಣಕಿ ನೋಡಿದ್ರಿ. ನಾನು, ಇಬ್ಬರು ಮುದುಕ್ಯಾರು, ಒಂದು ಗಡಗಿ ಅಂಬಲಿ. ಮನುಷ್ಯಾರಿಗಿ ಓಡಿಸಿಕೊಂಡು ಹೋಗೂ ಟೋಳಿ ಹೀಂಗೇ ಇರ್ತದ ಅಂತ ನಿಮಗ ಗೊತ್ತಾತು. ಸ್ಕೂಟಿ ತಿರುಗಿಸಿ ಹೈವೇ ಕಡಿ ಹೋದ್ರಿ. ಅವ್ವ ನಿಮ್ಮ ಹಿಂದ ಎರಡು ಸಲ ಒದರಿದ್ಲು.

ಇಪ್ಪತ್ತೆರಡು ವರ್ಷದಿಂದ ಪ್ರತಿ ಜೂನ್‌ದಾಗ ನಿಮ್ಮ ಕಾಲೇಜಿನ ನಲವತ್ತು ಹುಡುಗ್ರು ನಮ್ಮಲ್ಲಿ ಬಂದು ಹೆಸರು ಹಚ್ತಿದ್ರು. ಈ ಸಲ ನಾಕು ಬಂದಾವ. ನಾಕೂ ಹಳೇವು, ಪುಸ್ತಕ ಓದದೇ ಇದ್ದವು. ಅವ್ವನ ಕೈ ಇನ್ನೂ ನಲವತ್ತು ಮಂದಿ ಹಿಟ್ಟೇ ನಾದ್ತದ. ಉಳದ ರೊಟ್ಟಿ ಒಣಗಿ ಬುಟ್ಟಿ ಮ್ಯಾಲ ಬುಟ್ಟಿ ಆಗ್ಯಾವ. ಶ್ರಾವಣ ಮುಗದ ಮರುದಿನ ಒಲಿ ಆರಸ್ತೀನಿ ಅಂದಾಳ. ಇನ್ನ ಹನ್ನೆರಡು ದಿನ ಅವ.

ಇಷ್ಟಾದ ಮ್ಯಾಲೂ ಆಕಿ ನಿಮಗ ಒಂದು ಮಾತು ಅಂದಿಲ್ಲ. ನಾ ಪಾನ ಓದಿ ತೋರಿಸಿದ್ರ ರೊಟ್ಟಿ ಬಡಿಯೂದು ನಿಲ್ಲಿಸಿ ಅಂದ್ಲು, "ಎಳ್ಳಮಾಸಿ ದಿನ ಒಬ್ಬ ಮನುಷ್ಯಾಗ ಉಪಾಸ ಕಳಿಸೀನಿ ರೇವಣ್ಯಾ, ಅದೇ ತಟ್ಟೇದ." ಅಂದ್ರ ತಪ್ಪು ಆಕಿದಂತ. ನಾ ಕಾಲೇಜಿನ ತನಕ ನಡಕೋತ ಬಂದದ್ದು ಬರದೇ ಹೋದ ಮೂವತ್ತಾರು ಹುಡುಗ್ರ ಸಲುವಾಗಿ ಅಲ್ಲ, ಈ ಮಾತಿನ ಸಲುವಾಗಿ.

ಅದಕ್ಕ ತಮ್ಮಲ್ಲಿ ನಮ್ರ ವಿನಂತಿ ಏನಂದ್ರ, ಮುಂದಿನ ವರ್ಷದಿಂದ ಅಮಾಸಿಗಿ ರವಿವಾರ ಬಿಟ್ಟು ಬರಬ್ಯಾಡ ಅಂತ ಒಂದು ಸರ್ಕ್ಯುಲರ್ ಕಳಸ್ರಿ, ಚಂದ್ರಾಮಗ ರಜಾ ಅರ್ಜಿ ಹದಿನೈದು ದಿನ ಮೊದಲೇ ಕೊಡ್ಲಿಕ್ಕಿ ಹೇಳ್ರಿ. ಜೋಳಕ್ಕ ಕಾಲೇಜಿನ ಟೈಮ್ ಟೇಬಲ್ ಪ್ರಕಾರ ತೆನಿ ಹಿಡಿ ಅಂತ ತಾಕೀದ ಮಾಡ್ರಿ. ಭೂಮಿತಾಯಿ ಉಣ್ಣೂಕಿಂತ ಮೊದಲ ಐದು ಚುಕ್ಕಿ ಅದಾವೋ ಇಲ್ಲೋ ನೋಡಿಕೊಳ್ಳಲಿ. ಇದ್ಯಾವುದೂ ಆಗಲಿಲ್ಲಂದ್ರ, ಸಣ್ಣದೊಂದು ಕೆಲಸ: ಹನ್ನೊಂದನೇ ಪಾನ ಹೊಸದಾಗಿ ಛಾಪಸ್ರಿ. ಹನ್ನೆರಡು ದಿನದಾಗ. ನಮ್ಮವ್ವಂದು ಛಲೋ ಅದ ಅಂತ ಬರೀರಿ ಅನ್ನಲ್ಲ. ಬಂದು ಉಂಡು, ನಾಲಗಿ ಏನು ಹೇಳ್ತದ ಅದನ್ನೇ ಬರೀರಿ. ಉಪ್ಪು ಹೆಚ್ಚಾಗಿದ್ರ ಉಪ್ಪು ಹೆಚ್ಚು ಅಂತ ಬರೀರಿ. ಉಳದ ಏಳು ಮಂದಿದೂ ಉಣ್ರಿ, ಅವ್ರೂ ಇದೇ ಊರವರು.

ನಾಗನಾಥನ ಟೇಬಲ್ ಮ್ಯಾಲ ಒಂದು ಡಬ್ಬಿ ಇಟ್ಟೀನಿ. ನಾ ಜಗಳಕ್ಕ ಹೊಂಟೀನಿ ಅಂತ ಗೊತ್ತಿದ್ದೂ ಅವ್ವ ಕೈಗಿ ಕೊಟ್ಟಾಳ. ಭಜ್ಜಿ ಅದ, ಎರಡು ರೊಟ್ಟಿ ಅವ, ಶೇಂಗಾ ಹಿಂಡಿ ಅದ. ಭಜ್ಜಿ ಎಳ್ಳಮಾಸಿ ಬಿಟ್ಟು ಬ್ಯಾರೆ ದಿನ ಆಕಿ ಎಂದೂ ಮಾಡಿಲ್ಲ. ಇವತ್ತ ಮಾಡ್ಯಾಳ, ನಿಮಗ ಉಣಸಬೇಕಂತ. ಹಾದ್ಯಾಗ ಗಟಾರಿಗಿ ಚೆಲ್ಲಬೇಕಂತ ಮೂರು ಸಲ ಮುಚ್ಚಳ ತಗದೀನಿ. ಆಗಲಿಲ್ಲ.

ತಮ್ಮ ವಿಶ್ವಾಸಿ, ಬ್ಯಾರೆ ದಾರಿ ಇಲ್ಲದ್ದಕ್ಕ,
ರೇವಣಸಿದ್ಧ,
ಮಾಣಿಕಬಾಯಿ ಖಾನಾವಳಿ, ಉಮರ್ಗಾ

ತಾ.ಕ.: ನಿಮ್ಮ ಆಫೀಸಿನ ಬಾಗಲಿಗಿ ಸ್ಪ್ರಿಂಗ್ ಅದ, ಬಿಟ್ರ ತಾನೇ ಸಾವಕಾಶ ಮುಚ್ಕೊಳ್ತದ ಅಂತ ನಾಗನಾಥ ಹೇಳ್ಯಾನ. ಅಷ್ಟೊತ್ತು ನಾ ನಿಂದ್ರಲ್ಲ. ಎರಡೂ ಕೈಲೇ ಹಿಡಿದು, ಗ್ವಾಡಿ ಮ್ಯಾಲಿನ ನಿಮ್ಮ ಸರ್ಟಿಫಿಕೇಟ್ ಅಲ್ಲಾಡೂ ಹಂಗ ಹಾಕ್ಕೊಂಡು ಹೊಂಟೀನಿ. ಡಬ್ಬಿ ಆರೂಕಿಂತ ಮೊದಲ ಉಣ್ರಿ.