ಇಪ್ಪತ್ತು ಮಾರು ಢೀಲು

ಕೇಬಲ್ ಎಳೆಯುವ ಕೆಲಸದಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಒಂದನ್ನು ಹೇಳಿ ಮುಗಿಸುವಷ್ಟರಲ್ಲಿ ಇನ್ನೊಂದು ಕಂಬ ಹತ್ತಿ ಕೂತಿರುತ್ತದೆ. ನಾನು ರಾಮಸಮುದ್ರದ ಸಾಲಿಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವನು. ದಿನಾಲೂ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಹಣಮಂತದೇವರಿಗೆ ಕೈಮುಗಿದೇ ಮನೆ ಬಿಡುತ್ತೇನೆ. ಇಷ್ಟು ಮಾಡಿದರೂ ದೇವರು ನನ್ನನ್ನು ಕೇಬಲ್ ಮೇಸ್ತ್ರಿಯ ಕೆಲಸಕ್ಕೇ ಯಾಕೆ ಹಚ್ಚಿದನೋ ತಿಳಿಯದು.

ಈಗ ಹೇಳುವುದು ಸುರಪುರದಿಂದ ಹುಣಸಗಿ ಕಡೆಯ ಒಂದು ಹಳ್ಳಿಗೆ ಫೈಬರ್ ಕೇಬಲ್ ಎಳೆದ ಸಂಗತಿ. ಆ ಹಳ್ಳಿಯ ದವಾಖಾನೆಯ ನರ್ಸಬಾಯಿಯವರು ಬಸುರಿ ಹೆಂಗಸರ ಹೆಸರನ್ನು ಮೊಬೈಲಿನಲ್ಲಿ ಹಚ್ಚಿ ಮೇಲಿನವರಿಗೆ ಕಳಿಸಬೇಕು. ಊರಲ್ಲಿ ಸಿಗ್ನಲ್ ಸಿಗುವುದು ನೀರಿನ ಟಾಕಿಯ ಮೇಲೆ ಮಾತ್ರ. ಮೊಣಕಾಲು ನೋವಿನ ಹೆಂಗಸು, ದಿನಾ ಕಬ್ಬಿಣದ ಏಣಿ ಹತ್ತುತ್ತಿದ್ದರು. ಒಮ್ಮೆ ಕಾಲು ಜಾರಿ ನಾಲ್ಕು ಮೆಟ್ಟಿಲು ಕೆಳಗೆ ಬಂದಿದ್ದರಂತೆ.

“ಮೇಸ್ತ್ರಿ, ನಿಮ್ಮ ತಂತಿ ದವಾಖಾನಿಗೆ ಬಂದ್ರ ನಾ ಟಾಕಿ ಹತ್ತೂದು ತಪ್ಪತೈತಿ ನೋಡ್ರಿ” ಎಂದರು.

“ದೇವರಾಣಿ ತರತೀನ್ರಿ ಬಾಯಿ” ಎಂದುಬಿಟ್ಟೆ. ಆಣೆ ಮಾಡಬಾರದಿತ್ತು.

೧. ನೆಟ್ಟನೆಯ ದಾರಿ

ಕೇಬಲನ್ನು ಬಿಗಿಯಾಗಿ ಎಳೆದು ಕಟ್ಟುವಂತಿಲ್ಲ. ಅಲ್ಲಲ್ಲಿ ಕಂಬಕ್ಕೆ ಒಂದಷ್ಟು ಉದ್ದವನ್ನು ಸುರುಳಿ ಸುತ್ತಿ ಬಿಡಬೇಕು. ನಾಳೆ ಎಲ್ಲಾದರೂ ಕಡಿದರೆ ಆ ಸುರುಳಿ ಬಿಚ್ಚಿ, ತುದಿಯನ್ನು ನೆಲಕ್ಕಿಳಿಸಿ, ಯಂತ್ರದಲ್ಲಿಟ್ಟು ಬೆಸೆಯಬೇಕು. ಹೀಗೆ ಬಿಡುವ ಹೆಚ್ಚಿನ ಉದ್ದಕ್ಕೆ ನಮ್ಮಲ್ಲಿ ಢೀಲು ಅನ್ನುತ್ತೇವೆ. ಇದನ್ನು ಶಹಾಪುರದ ಉಗ್ರಾಣದ ಸಾಹೇಬರಿಗೆ ತಿಳಿಸಿ ಹೇಳುವುದರಲ್ಲಿ ನನ್ನ ಅರ್ಧ ಆಯುಷ್ಯ ಹೋಯಿತು.

“ಢೀಲಾ ಯಾಕ ಬಿಡ್ತಿ? ಮೈಗಳ್ಳತನ ಬಿಟ್ಟು ಬಿಗಿ ಎಳಿ!”

“ಢೀಲು ಇರ್ಲಿ ಸಾಹೇಬ್ರ, ಲೈನಿಗೇ ಕಮ್ಮಿ ಬೀಳತೈತಿ. ಉದ್ದ ಹ್ಯಾಂಗ ಅಳದ್ರಿ?”

ಅವರು ನಕಾಶೆ ಹಾಸಿ ತೋರಿಸಿದರು. ಸುರಪುರದಿಂದ ಆ ಹಳ್ಳಿಗೆ ಪಟ್ಟಿ ಇಟ್ಟು ಪೆನ್ಸಿಲ್ಲಿನಿಂದ ಗೆರೆ ಹೊಡೆದಿದ್ದರು.

“ನಡುವ ಗುಡ್ಡ ಐತ್ರಿ, ಕಾಲುವಿ ಐತ್ರಿ. ರಸ್ತಾ ಸೊಟ್ಟ ಹೋಗತೈತಿ” ಎಂದೆ.

ಅವರು ಮರುಕದಿಂದ ನನ್ನನ್ನು ನೋಡಿದರು. “ರಸ್ತಾ ಸೊಟ್ಟ ಇದ್ರ ನಾ ಏನ್ ಮಾಡ್ಲಿ? ಗೆರಿ ನೆಟ್ಟಗ ಐತಿಲ್ಲ? ನೀ ಗೆರಿ ಮ್ಯಾಲ ಹೋಗು.”

೨. ಉದ್ದ ಕೈ

ಬೇಡಿ ಬೇಡಿ ಒಂದು ಸಣ್ಣ ಡ್ರಮ್ಮು ಹೆಚ್ಚಿಗೆ ತಂದೆ. ಲೈನು ಆ ಹಳ್ಳಿಯ ಅಂಚಿಗೆ ಬಂತು. ಅವತ್ತು ಸೋಮವಾರ. ರಂಗಂಪೇಟೆಯ ಗುಡಿಗೆ ಹೋಗಿಬರುವುದು ನನ್ನ ವ್ರತ. “ಊರ ಮುಂದಿನ ನಾಕೂ ಕಂಬಕ್ಕ ಇಪ್ಪತ್ತಿಪ್ಪತ್ತು ಮೀಟರ್ ಢೀಲು ಬಿಡ್ರಿ” ಎಂದು ಆಳುಗಳಿಗೆ ಹೇಳಿ ಹೋದೆ.

ಮಧ್ಯಾಹ್ನ ಪ್ರಸಾದ ಹಿಡಿದು ಬಂದು ನೋಡುತ್ತೇನೆ, ನಾಲ್ಕೂ ಕಂಬಕ್ಕೆ ಬಂಡಿಯ ಗಾಲಿಯಷ್ಟು ದೊಡ್ಡ ಸುರುಳಿ! ಕೇಬಲಿನ ಮೈಮೇಲೆಯೇ ಮೀಟರಿನ ಅಂಕಿ ಅಚ್ಚಾಗಿರುತ್ತದೆ. ಅದನ್ನು ಒಬ್ಬನೂ ನೋಡಿರಲಿಲ್ಲ.

“ಹ್ಯಾಂಗ ಅಳದ್ರಲೇ?”

“ಎರಡೂ ಕೈ ಚಾಚಿ ಮಾರು ಹಾಕೀವ್ರಿ. ಎಣಿಸಿ ಇಪ್ಪತ್ತು ಮಾರು.”

“ಮೀಟರ್ ಅಂದ್ರ ಮಾರೇನಲೇ? ಯಾವ ಸಾಲಿ ಕಲಿತೀ ನೀ?”

“ನಿಮ್ಮ ಸಾಲೀನೇ ಅಲ್ರಿ ಮೇಸ್ತ್ರಿ? ನಿಮ್ಮ ಹಿಂದ ಕೂಡತಿದ್ನೆಲ್ಲ.”

ನಾನು ಆ ಮಾತು ಬಿಟ್ಟು, “ಮಾರು ಹಾಕಿದಾಂವ ಯಾರು?” ಎಂದೆ. ಮೊಣಕಾಲಿಗೆ ಕೈ ಮುಟ್ಟುವಂಥ ಒಬ್ಬ ಎತ್ತರದ ಆಳನ್ನು ಮುಂದೆ ದೂಡಿ ಹೆಮ್ಮೆಯಿಂದ ಹೇಳಿದರು: “ಸರ್ಕಾರಿ ಕೆಲಸ, ಕಮ್ಮಿ ಬೀಳಬಾರದಂತ ಎಲ್ಲಾರಕಿಂತ ಉದ್ದ ಕೈ ಇರಾಂವನ್ನ ನಿಲ್ಲಿಸೀವ್ರಿ!”

೩. ಗಂಟು

ಕೊನೆಗೆ ಕೇಬಲ್ ತೀರಿತು. ದವಾಖಾನೆ ಇನ್ನೂ ಅರವತ್ತು ಹೆಜ್ಜೆ ದೂರ. ಆ ನಾಲ್ಕು ಸುರುಳಿಗಳಲ್ಲಿ ಹೆಚ್ಚಾದದ್ದನ್ನು ಮುಂದಕ್ಕೆ ಎಳೆದುಕೊಂಡರೆ ಲೆಕ್ಕ ಸರಿಹೋಗುತ್ತಿತ್ತು. ಮರುದಿನ ಬೆಳಿಗ್ಗೆ ಏಣಿ ಹೊತ್ತು ಹೋದರೆ ಒಂದು ಕಂಬದ ಸುರುಳಿಯೇ ಇಲ್ಲ. ಕಂಬದ ಎದುರಿಗೆ ನಿವೃತ್ತ ಹೆಡ್‌ಮಾಸ್ತರರ ಮನೆ. ಅಂಗಳದಲ್ಲಿ ಕರಿಯ ಕೇಬಲಿನ ಮೇಲೆ ಅವರ ಧೋತರ ಒಣಗುತ್ತಿತ್ತು.

“ಮನಿ ಮುಂದ ಹೊಲಸು ಕಾಣತಿತ್ತು. ಹೆಚ್ಚಿಗಿದ್ದದ್ದು ಕೊಯ್ದು ತಗದೀನಿ” ಎಂದರು.

“ಲೈನೇ ಕಡದ್ರಲ್ರಿ ಮಾಸ್ತರ!”

“ಕಡದು ಹಾಂಗ ಬಿಡಾಕ ನಾ ಏನ್ ಅಡ್ಡನಾಡೀನ? ಎರಡೂ ತುದಿ ಕೂಡಿಸಿ ಗಂಟು ಹಾಕೀನಿ. ಬೇಕಾದ್ರ ಜಗ್ಗಿ ನೋಡು.”

ಯಾದಗಿರಿಯಿಂದ ಬೆಸೆಯುವ ಯಂತ್ರ ತಂದ ಸಾಬರು ಬಹಳ ಸಮಾಧಾನದ ಮನುಷ್ಯ. ಆ ಗಂಟನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. “ಯಾ ಅಲ್ಲಾ” ಎಂದರು. ಆಮೇಲೆ, “ಮಾಸ್ತರ್ ಸಾಬ್, ಇದರಾಗ ಕೂದಲದಂಥಾ ಗಾಜಿನ ಎಳಿ ಇರತಾವ. ಕರೆಂಟಲ್ಲ, ಬೆಳಕು ಹೋಗತೈತಿ. ಬೆಳಕಿಗೆ ಗಂಟು ಹ್ಯಾಂಗ ಹಾಕತೀರಿ?” ಎಂದು ಮೆಲ್ಲಗೆ ಕೇಳಿದರು.

ಮಾಸ್ತರರು ಕನ್ನಡಕ ಏರಿಸಿಕೊಂಡರು. “ನನಗೂ ಅದೇ ಅನುಮಾನ ಇತ್ತು. ಅದಕ್ಕೇ ಎರಡು ಗಂಟು ಹಾಕೀನಿ.”

೪. ಐದನೆಯದು

ಕಡಿದದ್ದನ್ನು ಬೆಸೆಯುವುದಕ್ಕೇ ಉಳಿದ ಢೀಲೆಲ್ಲ ಹೋಯಿತು. ಮಾಸ್ತರರ ಅಂಗಳದ ತುಂಡು ಒಳಗಿನ ಎಳೆ ಮುರಿದು ಕೆಟ್ಟಿತ್ತು. ಅರವತ್ತು ಹೆಜ್ಜೆ ಅರವತ್ತೇ ಉಳಿಯಿತು. ಹಣಮಂತದೇವರ ಮುಂದೆ ನಿಂತೆ. ಜನ ಮಕ್ಕಳನ್ನು ಕೇಳುತ್ತಾರೆ, ಮಳೆ ಕೇಳುತ್ತಾರೆ. ನಾನು ಅರವತ್ತು ಹೆಜ್ಜೆ ಕೇಬಲ್ ಕೇಳಿದೆ. ಸಮುದ್ರ ಹಾರಿದವನು, ನನ್ನ ಕಡೆ ನೋಡಲಿಲ್ಲ.

ನೀರಿನ ಟಾಕಿ ಹತ್ತಿ ಯಾದಗಿರಿಯ ಮೇಲಿನ ಸಾಹೇಬರಿಗೆ ಫೋನ್ ಮಾಡಿದೆ. “ಹೊಸಾ ಡ್ರಮ್ಮು ಯಾವಾಗ ಬರತೈತೋ ಗೊತ್ತಿಲ್ಲ. ಕೇಬಲ್ ಯಾವ ಗ್ವಾಡಿಗೆ ಮುಟ್ಟತೈತಿ, ಅದಕ್ಕ ವೈಫೈ ಪೆಟಗಿ ಬಡದು ಕೆಲಸ ಮುಗೀತಂತ ಬರೀ” ಎಂದರು.

ಕೇಬಲ್ ಮುಟ್ಟಿದ್ದು ಒಬ್ಬ ರೈತರ ಎಮ್ಮೆ ಕೊಟ್ಟಿಗೆಯ ಗೋಡೆಗೆ.

ನರ್ಸಬಾಯಿಯವರು ಬಂದು ಕೊಟ್ಟಿಗೆ ನೋಡಿದರು, ದವಾಖಾನೆ ನೋಡಿದರು, ನನ್ನ ಹಣೆಯ ವಿಭೂತಿ ನೋಡಿದರು. “ನನ್ನ ದವಾಖಾನಿ ಆ ಕಡೆ ಐತ್ರಿ ಮೇಸ್ತ್ರಿ.”

ತಲೆ ತಗ್ಗಿಸಿ, “ಹೌದ್ರಿ ಬಾಯಿ. ಆದ್ರ ಇಲ್ಲಿ ಏಣಿ ಹತ್ತೂದು ಇಲ್ರಿ” ಎಂದೆ.

ಅವರು ನಿಟ್ಟುಸಿರು ಬಿಟ್ಟು, ಸೆಗಣಿ ಬಳಿಸಿ, ಎಮ್ಮೆ ಮೇವು ತಿನ್ನುವ ಗ್ವಾದಲಿಯ ಪಕ್ಕ ಸ್ಟೂಲು ಹಾಕಿಸಿಕೊಂಡು ಕೂತರು. ಪೆಟ್ಟಿಗೆಯಲ್ಲಿ ಹಸಿರು ದೀಪ ಹತ್ತಿತು. ಒತ್ತಿದ ಹೆಸರು ಒತ್ತಿದಂತೆ ಹೋಗತೊಡಗಿತು. ಬಸುರಿ ಹೆಂಗಸರ ಪಾಳಿ ಬಾಗಿಲಿನವರೆಗೆ ನಿಂತಿತು. ಬಾಯಿಯವರು ಮೊಬೈಲಿನಿಂದ ಕಣ್ಣು ತೆಗೆಯದೆ ಒಬ್ಬೊಬ್ಬರನ್ನೇ ಕೇಳುತ್ತಿದ್ದರು. ಪಾಳಿ ಮುಗಿಯುವ ಹೊತ್ತಿಗೆ ಆ ರೈತರ ಮನೆಯ ಮುದುಕಿ ತನ್ನ ಗಬ್ಬದ ಎಮ್ಮೆಗೆ ನೀರು ಕುಡಿಸಿ, ಕಟ್ಟಲೆಂದು ಒಳಗೆ ಹೊಡೆದುಕೊಂಡು ಬಂದಳು.

“ಹೆಸರು?” ಎಂದರು ಬಾಯಿ, ತಲೆ ಎತ್ತದೆ.

ಮುದುಕಿ ನನ್ನ ಮುಖ ನೋಡಿದಳು. ಸರ್ಕಾರ ಇದನ್ನೂ ಬರೆದುಕೊಳ್ಳುತ್ತದೆ ಎಂದುಕೊಂಡಳೇನೋ. “ಗೌರಿ” ಎಂದಳು.

“ಎಷ್ಟು ತಿಂಗಳು?”

“ಒಂಬತ್ತು ತುಂಬ್ಯಾವ್ರಿ.”

“ಎಷ್ಟನೇದು?”

“ಐದನೇದು.”

“ಐದು!” ಬಾಯಿಯವರಿಗೆ ಸಿಟ್ಟು ಬಂತು. ಬೆರಳು ಮಾತ್ರ ಒತ್ತುತ್ತಲೇ ಇತ್ತು. “ನಿಮ್ಮ ಮನ್ಯಾಗ ಹೇಳಾವರು ಕೇಳಾವರು ಯಾರೂ ಇಲ್ಲೇನು? ಗಂಡನ್ನ ಕರಕೊಂಡು ಬಾ. ನಾ ಬುದ್ಧಿ ಹೇಳತೀನಿ ಅಂವಗ.”

ಮುದುಕಿ ಎಮ್ಮೆಯ ಕೊರಳು ಕೆರೆಯುತ್ತಾ ಅಂದಳು: “ಅಂವ ಇಲ್ಲಿಗೆ ಬರೂದಿಲ್ರಿ ಬಾಯಿ. ಹುಣಸಗ್ಯಾಗ ಇರತಾನ. ಸುತ್ತಲ ಹಳ್ಳ್ಯಾವೆಲ್ಲಾ ಅವನ ಕಡಿಗೇ ಹೋಗೂದು.”